ಕನ್ನಡಿಗೆ ಹೊದಿಸಿದ ಖಣ

ಉಗರಗೋಳದ ನಮ್ಮ ಮನೆಯನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ಒಂದು ಹಕ್ಕಿ. ಅದು ಆ ಮನೆಗೆ ಒಂದು ಸಲವೂ ಬಂದದ್ದಲ್ಲ. ಹಿತ್ತಲ ಬೇವಿನ ಮರದ ಮೇಲೆ ಕೂತದ್ದಲ್ಲ, ಅವ್ವ ಒಣಹಾಕಿದ ಜೋಳಕ್ಕೆ ಬಾಯಿ ಹಾಕಿದ್ದಲ್ಲ. ಘಟ್ಟದ ಕಾಡಿನಲ್ಲಿ ತನ್ನ ಪಾಡಿಗೆ ತಾನಿದ್ದ, ಗುಬ್ಬಿಗಿಂತ ಚೂರೂ ದೊಡ್ಡದಲ್ಲದ ಜೀವ. ಆದರೂ ಆ ಕೆಲವು ವರ್ಷ ನಮ್ಮ ಮನೆಯ ಜಗಳಗಳಲ್ಲಿ ಅರ್ಧಕ್ಕರ್ಧ ಅದರ ಹೆಸರಿನಲ್ಲೇ ನಡೆದವು. ನಾನು ಹೊಟ್ಟೆಕಿಚ್ಚಿನ ಹೆಂಗಸು ಎಂದು ನನ್ನ ಗಂಡ ಈಗಲೂ ನಗುತ್ತಾನೆ. ಅವನು ಪಕ್ಕದ ಮನೆಯ ನಾಯಿಯ ತಲೆ ಸವರುತ್ತ ನಿಂತರೂ ನನಗೆ ಒಳಗೇ ಕುದಿಯುತ್ತದೆ. ತಡೆದುಕೊಳ್ಳುವವಳಲ್ಲ ನಾನು, ಹೇಳಿಯೇಬಿಡುತ್ತೇನೆ. ಈ ಕಿಚ್ಚು ಎಲ್ಲಿ ಹತ್ತಿತು ಎಂದು ಯಾರಾದರೂ ಕೇಳಿದರೆ, ಬೈಲಹೊಂಗಲದ ಈ ಮನೆಯಿಂದ ಎದ್ದು ಉಗರಗೋಳದ ಆ ಮನೆಗೆ ಹೋಗಬೇಕಾಗುತ್ತದೆ.

ಎಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯಲ್ಲೇ ನಮ್ಮ ಮನೆ. ಮುಂದಿನ ಕೋಣೆ ಅಂಗಡಿ, ನಡುವಿನದು ಮಲಗುವುದಕ್ಕೆ, ಹಿಂದಿನದು ಅಡುಗೆಗೆ. ಹೀಗೆ ಹೇಳುವುದು ಹೆಸರಿಗೆ ಮಾತ್ರ. ಅಂಗಡಿ ಮೂರೂ ಕೋಣೆಗಳಿಗೆ ಹರಡಿಕೊಂಡಿತ್ತು. ಹಾಸಿಗೆಯ ಪಕ್ಕದಲ್ಲಿ ಬಳೆಯ ಪೆಟ್ಟಿಗೆಗಳು, ಒಲೆಯ ಹಿಂದಿನ ಗೂಡಿನಲ್ಲಿ ಕುಂಕುಮದ ಡಬ್ಬಿಗಳು. ಭಂಡಾರದ ಹಳದಿ ಪುಡಿ ನಮ್ಮ ರೊಟ್ಟಿಯ ಮೇಲೂ ಇರುತ್ತಿತ್ತು, ನನ್ನ ಪಾಟಿಯ ಮೇಲೂ ಇರುತ್ತಿತ್ತು, ಅಪ್ಪನ ತಾಯಿ ಅಂದರೆ ನಮ್ಮ ಆಯಿಯ ಬಿಳಿ ಕೂದಲಿನಲ್ಲೂ ಇರುತ್ತಿತ್ತು. ಮಂಗಳವಾರ, ಶುಕ್ರವಾರ ಗುಡ್ಡಕ್ಕೆ ಹೋಗುವವರ ಗದ್ದಲ. ಆ ದಿನಗಳಲ್ಲಿ ನಮ್ಮಲ್ಲಿ ಯಾರೂ ಕೂತು ಉಂಡದ್ದಿಲ್ಲ. ಅವ್ವ ಗಿರಾಕಿಯ ಕೈಗೆ ಬಳೆ ಏರಿಸುತ್ತಲೇ ಬಾಯಿ ತೆರೆಯುವಳು, ಆಯಿ ಅದರಲ್ಲಿ ಚಟ್ನಿ ಸವರಿದ ರೊಟ್ಟಿಯ ಚೂರು ಇಡುವಳು. ಎಂಥ ಒರಟು ಕೈಯಾದರೂ ಹಿಸುಕಿ, ಮಾತಿಗೆಳೆದು, ಬಳೆ ಒಡೆಯದಂತೆ ಏರಿಸುವುದರಲ್ಲಿ ಅವ್ವ ಗಟ್ಟಿಗಿತ್ತಿ. ಕೈ ಹಿಡಿದರೆ ಸಾಕು, ಆ ಹೆಂಗಸಿನ ಸಂಸಾರ ಹೇಗಿದೆ ಎಂದು ತನಗೆ ತಿಳಿದುಹೋಗುತ್ತದೆ ಎನ್ನುತ್ತಿದ್ದಳು.

ಶಾಲೆ ಬಿಟ್ಟ ಮೇಲೆ ನನ್ನ ಕೆಲಸ ಉಡಿಯ ಸಾಮಾನು ಜೋಡಿಸುವುದು. ದೇವಿಗೋ ಮುತ್ತೈದೆಗೋ ಉಡಿ ತುಂಬುವವರಿಗೆ ಒಂದೊಂದನ್ನೇ ಆರಿಸುವ ಪುರುಸೊತ್ತು ಇರುವುದಿಲ್ಲ. ಅದಕ್ಕೇ ನಾವು ಮೊದಲೇ ಕಟ್ಟಿ ಇಡುತ್ತಿದ್ದೆವು: ಒಂದು ಕುಪ್ಪಸದ ಖಣ, ಅದರ ಮಡಿಕೆಯೊಳಗೆ ಅಂಗೈಗಿಂತ ತುಸು ದೊಡ್ಡದಾದ ಕನ್ನಡಿ, ಹಣಿಗೆ, ಹಸಿರು ಬಳೆ, ಅರಿಷಿಣ ಕುಂಕುಮದ ಪೊಟ್ಟಣ. ನಾನು ಕನ್ನಡಿಗಳನ್ನು ಲಂಗದ ತುದಿಯಿಂದ ಒರೆಸಿ ಒರೆಸಿ ಮಡಿಕೆಗೆ ಸೇರಿಸುತ್ತಿದ್ದೆ. ಖಣವೂ ಕನ್ನಡಿಯೂ ಜೊತೆಯಾಗಿ ನಮ್ಮ ಅಂಗಡಿಯಿಂದ ಹೊರಟವೆಂದರೆ ಅವು ಹೋಗಿ ಸೇರುವುದು ಒಬ್ಬ ಹೆಣ್ಣಿನ ಮಡಿಲನ್ನೇ. ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಎರಡು ಮಾತಿರಲಿಲ್ಲ.

ಅಪ್ಪ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದ. ನಾನು ಚಿಕ್ಕವಳಿದ್ದಾಗ ಅವನಿಗೆ ರಾಮದುರ್ಗದ ಕಡೆ ಸಸಿ ಬೆಳೆಸುವ ನರ್ಸರಿಯಲ್ಲಿ ಕೆಲಸ. ಶನಿವಾರ ಸಂಜೆಯ ಬಸ್ಸಿಗೆ ಬರುತ್ತಿದ್ದ, ಕಟಕೋಳದಲ್ಲಿ ಬಸ್ಸು ನಿಂತಾಗ ಕೊಂಡ ಮಿರ್ಚಿ ಭಜಿಯ ಪೊಟ್ಟಣ ಹಿಡಿದು. ಪೊಟ್ಟಣ ಬಿಚ್ಚುವ ಹಕ್ಕು ನನ್ನದು. ಅವನು ಅಂಗಡಿ ಮತ್ತು ನಡುಮನೆಯ ನಡುವಿನ ಹೊಸ್ತಿಲ ಮೇಲೆ ಕೂತು ಚಹಾ ಕುಡಿಯುವನು, ನಾನು ಎದುರಿಗೆ ನಿಂತು ವಾರದ ಕಥೆಯನ್ನೆಲ್ಲ ಒಪ್ಪಿಸುವೆನು. ಯಾರ ಜೊತೆ ಜಗಳವಾಯಿತು, ಯಾರು ಬೆಂಚಿನ ಮೇಲೆ ನಿಂತರು, ಯಾರ ರಿಬ್ಬನ್ ಕಳೆಯಿತು. ಕೇಳುವಾಗ ಅಪ್ಪನ ಮುಖವೇ ಬೇರೆಯಾಗುತ್ತಿತ್ತು. ಹುಬ್ಬು ಮೇಲೇರಿ, ಬಾಯಿ ಚೂರು ತೆರೆದು, ಚಹಾದ ಬಟ್ಟಲು ಗಾಳಿಯಲ್ಲೇ ನಿಂತುಬಿಡುತ್ತಿತ್ತು. ನಾನು ಹೇಳುವುದೇ ಜಗತ್ತಿನಲ್ಲಿ ಮೊದಲ ಸುದ್ದಿ ಎಂಬಂತೆ ಕೇಳುತ್ತಿದ್ದ. ಆ ಮುಖ ನನ್ನದು ಎಂದು ನಾನು ತಿಳಿದಿದ್ದೆ. ಅವ್ವನ ಪಾಲಿಗೆ ಸಂಬಳ, ಆಯಿಯ ಪಾಲಿಗೆ ಎಲೆ ಅಡಿಕೆ, ನನ್ನ ಪಾಲಿಗೆ ಆ ಮುಖ.

ಆಮೇಲೆ ಅವನನ್ನು ಖಾನಾಪುರದ ಆಚೆ, ಘಟ್ಟದ ಕಾಡಿಗೆ ಹಾಕಿದರು. ನಮ್ಮ ಮಲಪ್ರಭೆ ಹುಟ್ಟುವ ಸೀಮೆ ಅದು. ವಾರಕ್ಕೊಮ್ಮೆ ಬರುತ್ತಿದ್ದವನು ತಿಂಗಳಿಗೊಮ್ಮೆ ಬರತೊಡಗಿದ. ಅವ್ವ ಎಲ್ಲರ ಮುಂದೆಯೂ ಹೇಳಿಕೊಂಡು ನಗುತ್ತಿದ್ದಳು:

“ಹೊಳಿ ಅಲ್ಲಿ ಹುಟ್ಟಿ ಇಲ್ಲಿಗೆ ಬರತೈತಿ. ನಮ್ಮನಿಯವರು ಇಲ್ಲಿ ಹುಟ್ಟಿ ಅಲ್ಲಿಗೆ ಹೋಗ್ಯಾರ ನೋಡ್ರಿ.”

ಆ ನಗು ಬಹಳ ದಿನ ಉಳಿಯಲಿಲ್ಲ. ಒಂದು ಸಲ ಅಪ್ಪ ಬಂದಾಗ ನಾನು ಎಂದಿನಂತೆ ಹೊಸ್ತಿಲ ಮುಂದೆ ನಿಂತು ಶುರುಮಾಡಿದೆ. ಆ ತಿಂಗಳು ನನ್ನ ಹತ್ತಿರ ದೊಡ್ಡ ಸುದ್ದಿಯೇ ಇತ್ತು. ಪದ್ಯ ಹೇಳುವ ಸ್ಪರ್ಧೆಯಲ್ಲಿ ನನಗೆ ಮೊದಲನೇ ನಂಬರು ಬಂದಿತ್ತು. ಅರ್ಧಕ್ಕೆ ಬಂದಿದ್ದೆ, ಅಪ್ಪ ಕೈ ಎತ್ತಿ, ನನ್ನನ್ನು ಯಾವಾಗಲೂ ಕರೆಯುವಂತೆ, “ತಡಿ ತಂಗಿ” ಎಂದ. ತುಟಿ ಚೂಪು ಮಾಡಿ ಸಣ್ಣದಾಗಿ ಸಿಳ್ಳೆ ಹಾಕಿದ.

“ಇದು ಹೆಂಗೈತಿ ಹೇಳ್ರಿ?”

“ಮನ್ಯಾಗ ಸೀಟಿ ಹೊಡಿಬ್ಯಾಡೋ, ಹಾವು ಬರತಾವ,” ಎಂದಳು ಆಯಿ ಒಳಗಿನಿಂದ.

“ಏನದು?” ಎಂದಳು ಅವ್ವ.

“ಒಂದು ಹಕ್ಕಿ. ಇಷ್ಟ ಐತಿ ನೋಡು, ಮುಟಿಗ್ಯಾಗ ಹಿಡೀತೈತಿ. ಬೆನ್ನೆಲ್ಲಾ ನೀಲಿ, ಎದಿ ಕಾವಿ ಬಣ್ಣ. ಮುಂಜಾನೆದ್ದ ಕೂಡಲೇ ನನ್ನ ಖೋಲಿ ಮುಂದ ಬಂದು ಹಾಡತೈತಿ. ನೀ ಬಳಿ ಏರಸೂ ಮುಂದ ಸಪ್ಪಳಾಗತೈತೆಲ್ಲ, ಥೇಟ್ ಹಂಗ.”

“ಹಂಗಿದ್ರ ಅಷ್ಟು ದೂರ ಯಾಕ ಹೋಗಬೇಕಿತ್ತು? ಇಲ್ಲೇ ಕುಂತು ಕೇಳಬೇಕಿತ್ತು.”

ಅಪ್ಪ ನಕ್ಕ. ನನ್ನ ಪದ್ಯದ ಕಥೆ ಅಲ್ಲಿಗೇ ನಿಂತಿತು. ಅವನ ಹುಬ್ಬು ಮೇಲೇರಿತ್ತು, ಬಾಯಿ ಚೂರು ತೆರೆದಿತ್ತು, ಬಟ್ಟಲು ಗಾಳಿಯಲ್ಲಿ ನಿಂತಿತ್ತು. ಎದುರಿಗೆ ನಿಂತವಳು ನಾನು, ಆದರೆ ಅವನು ಕೇಳಿಸಿಕೊಳ್ಳುತ್ತಿದ್ದದ್ದು ಅಲ್ಲಿಲ್ಲದ ಹಕ್ಕಿಯನ್ನು. ಎದೆಯೊಳಗೆ ಮೆಣಸಿನ ಬೀಜ ಸಿಕ್ಕಿಕೊಂಡ ಹಾಗಾಯಿತು. ಮೊದಲನೇ ನಂಬರು ಬಂದದ್ದನ್ನು ನಾನು ಅಪ್ಪನಿಗೆ ಮತ್ತೆ ಹೇಳಲೇ ಇಲ್ಲ. ಕೇಳಲಿಲ್ಲ ಅವನು.

ಅಲ್ಲಿಂದ ಮುಂದೆ ಬಂದಾಗಲೆಲ್ಲ ಅದೇ ಪುರಾಣ. ಪುಂಡಿಪಲ್ಲೆಯಲ್ಲಿ ರೊಟ್ಟಿ ಅದ್ದಿ ಬಾಯಿಗೆ ಒಯ್ಯುವ ಮೊದಲು ಹಕ್ಕಿ. ಅದು ನೆರಳಿನಲ್ಲೇ ಇರುತ್ತದೆ, ಬಿಸಿಲಿಗೆ ಬರುವುದಿಲ್ಲ. ಕೂತಲ್ಲಿಂದ ಚಂಗನೆ ಹಾರಿ ಹುಳು ಹಿಡಿದು ಮತ್ತೆ ಅದೇ ಟೊಂಗೆಗೆ ಬಂದು ಕೂರುತ್ತದೆ. ಸ್ವರ ಮೇಲೆ ಹೋಗಿ ಕಡೆಗೆ ಇಳಿಯುತ್ತದೆ, ಆ ಇಳಿಯುವುದು ತನ್ನ ಬಾಯಿಗೆ ಬರುವುದಿಲ್ಲ. ಹೀಗೆ. ಪಲ್ಲೆಗೆ ಉಪ್ಪಾಯಿತೋ ಇಲ್ಲವೋ ಎಂದು ಅವ್ವ ಕೇಳಿದರೆ ಅವನಿಗೆ ಗೊತ್ತೇ ಇರುತ್ತಿರಲಿಲ್ಲ. ಮೊನ್ನೆ ನನ್ನ ಮೊಮ್ಮಗಳು ಮೊಬೈಲಿನಲ್ಲಿ ಹುಡುಕಿ ಆ ಹಕ್ಕಿಯ ಚಿತ್ರ ತೋರಿಸಿದಳು. ಕನ್ನಡದಲ್ಲಿ ಅದಕ್ಕೆ ನೊಣಹಿಡುಕ ಎನ್ನುತ್ತಾರಂತೆ. ನೊಣ ಹಿಡಿಯುವುದು! ನನಗಾದ ಸಂತೋಷ ಅಷ್ಟಿಷ್ಟಲ್ಲ. ಆಗಲೇ ಈ ಹೆಸರು ಗೊತ್ತಿದ್ದರೆ ಅಪ್ಪನ ಮುಂದೆ ದಿನಕ್ಕೆ ಹತ್ತು ಸಲ ಹೇಳಿ ಹಗುರಾಗುತ್ತಿದ್ದೆ.

ಆಗ ಗೊತ್ತಿರಲಿಲ್ಲವಾದ್ದರಿಂದ ಬೇರೆ ದಾರಿ ಹುಡುಕಿದೆ. ಆ ಹಕ್ಕಿಯನ್ನು ಬೆಕ್ಕು ಹಿಡಿಯಲಿ ಎಂದು ಎಲ್ಲಮ್ಮನಿಗೆ ತೆಂಗಿನಕಾಯಿಯ ಹರಕೆ ಹೊತ್ತೆ. ಅದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಹರಕೆ ಫಲಿಸುವವರೆಗೆ ಸುಮ್ಮನಿರಬಾರದೆಂದು ಹಿತ್ತಲ ಬೇವಿನ ಕೆಳಗೆ ಕೂತು ಸಿಳ್ಳೆ ಹಾಕುವುದನ್ನು ಕಲಿಯತೊಡಗಿದೆ. ಅಪ್ಪನ ಬಾಯಿಗೆ ಬಾರದ ಆ ಇಳಿಯುವ ಸ್ವರವನ್ನು ನಾನು ಹಾಕಿ ತೋರಿಸಿದರೆ ಹಕ್ಕಿಯ ಹೆಚ್ಚುಗಾರಿಕೆ ಏನುಳಿಯುತ್ತದೆ? ಮೊದಮೊದಲು ಬರೀ ಗಾಳಿ ಬರುತ್ತಿತ್ತು. ಆಯಿ ಕೇಳಿಸಿಕೊಂಡು, ಹೆಣ್ಣು ಹುಡುಗಿಗೆ ಇದೆಂಥ ಚಟ ಎಂದು ಬೈದಳು. ನಾನು ಬಿಡಲಿಲ್ಲ.

ಅವ್ವ ಮೊದಲು ಇದನ್ನೆಲ್ಲ ಹಾಸ್ಯದಲ್ಲೇ ತೆಗೆದುಕೊಂಡಳು. “ನಮ್ಮ ಎಲ್ಲವ್ವ ನೀರಾಗ ಬ್ಯಾರೇದವರ್ನ ನೋಡಿದ್ದಕ್ಕ ಗಂಡ ತಲೀನ ತಗಿಸಿದ. ಇವರು ಗಿಡದಾಗ ಹಕ್ಕಿ ನೋಡಿದ್ರ ಸರಕಾರದವರು ಪಗಾರ ಕೊಡತಾರ,” ಎಂದು ಗಿರಾಕಿಗಳನ್ನು ನಗಿಸುತ್ತಿದ್ದಳು. ಅವಳ ಹಾಸ್ಯ ನಿಂತದ್ದು ಕನ್ನಡಿಯಿಂದ. ಚಳಿಗಾಲ ಮುಗಿಯುವ ಹೊತ್ತಿಗೆ ಅಪ್ಪ ಬಂದವನು, ತನ್ನ ಕ್ಷೌರದ ಕನ್ನಡಿ ಬಿದ್ದು ಒಡೆಯಿತು ಎಂದು ಉಡಿಯ ಕನ್ನಡಿಯೊಂದನ್ನು ಒಯ್ದ. ಅದರಲ್ಲೇನೂ ವಿಶೇಷವಿರಲಿಲ್ಲ. ಮುಂದಿನ ತಿಂಗಳು ಅದೂ ಒಡೆಯಿತು ಎಂದು ಇನ್ನೊಂದನ್ನು ತೆಗೆದುಕೊಂಡ. ಈ ಸಲ ಖಣಗಳ ರಾಶಿಯ ಮುಂದೆಯೂ ಕೂತ. ಒಂದೊಂದನ್ನೇ ಎತ್ತಿ ಬೆರಳಿನಿಂದ ತಿಕ್ಕಿ, ಬೆಳಕಿಗೆ ಹಿಡಿದು ನೋಡಿ, ದಪ್ಪನೆಯ ಹಸಿರು ಖಣವನ್ನು ಆರಿಸಿ, ಕನ್ನಡಿಯನ್ನು ಅದರಲ್ಲೇ ಸುತ್ತಿ ಚೀಲಕ್ಕೆ ಹಾಕಿಕೊಂಡ. ಅವ್ವ ಕೈಯಲ್ಲಿದ್ದ ಬಳೆ ಬಿಟ್ಟು ನೋಡುತ್ತಿದ್ದಳು. ನನ್ನ ನೆನಪಿನಲ್ಲಿ ಅಪ್ಪ ಅವಳಿಗೆ ಎಂದೂ ಖಣ ಆರಿಸಿ ಕೊಟ್ಟವನಲ್ಲ. ಅಂಗಡಿಯಲ್ಲೇ ಇವೆಯಲ್ಲ, ಬೇಕಾದ್ದು ತೆಗೆದುಕೊ ಎನ್ನುವವನು.

“ಖಣ ಯಾರಿಗ್ರಿ?”

“ಹಕ್ಕಿಗಿ.”

ಅಷ್ಟರಲ್ಲಿ ಸವದತ್ತಿಯ ಬಸ್ಸು ಹಾರ್ನ್ ಹೊಡೆಯಿತು. ಅಪ್ಪ ಚಪ್ಪಲಿ ಮೆಟ್ಟಿ ಓಡಿದ. ಅವ್ವ ಖಣದ ರಾಶಿಯ ಮುಂದೆ ಹಾಗೇ ಕೂತಳು.

“ಹಕ್ಕಿ ಕುಪ್ಪಸಾ ತೊಡತೈತೇನಬೇ?” ಎಂದು ಆಯಿಯನ್ನು ಕೇಳಿದಳು.

ಆ ದಿನ ಮಧ್ಯಾಹ್ನ ಹಿರೇಮನೆಯ ಹೊಸ ಸೊಸೆಯೊಬ್ಬಳ ಕೈಯಲ್ಲಿ ಅವ್ವ ಬಳೆ ಒಡೆದಳು. ನಾನು ನೋಡಿದ ಹಾಗೆ ಅದೇ ಮೊದಲು. ಹುಡುಗಿಯ ಕೈಯಿಂದ ರಕ್ತ ಬಂತು. ಅವ್ವ ಅರಿಷಿಣ ಒತ್ತಿ ಕ್ಷಮೆ ಕೇಳಿ ಕಳಿಸಿದಳು, ಆಮೇಲೆ ಒಲೆಯ ಮುಂದೆ ಕೂತು ಅತ್ತಳು. ಗೋಡೆಯ ಮೇಲೆ ಆಯಿಯ ಎಲ್ಲಮ್ಮನ ಪಕ್ಕದಲ್ಲಿ ಅಪ್ಪ ತಂದು ಹಾಕಿದ್ದ ಬುದ್ಧನ ಫೋಟೋ ಇತ್ತು. ಅದರ ಕಡೆ ಕೈ ಮಾಡಿ ಅವ್ವ ಹೇಳಿದಳು:

“ಅಂವನೂ ಹೇಣತಿ ಕೂಸು ಬಿಟ್ಟು ಅಡವಿಗೆ ಹೋದಾವನ. ಹುಡುಕಿ ಹುಡುಕಿ ಅಂಥಾವನ ಫೋಟೋನ ತಂದಾರ ನೋಡು ನಿನ್ನ ಮಗಾ.”

“ಅಂವ ಯಾರಿಗೂ ಖಣಾ ಒಯ್ದಿರಲಿಲ್ಲಬೇ,” ಎಂದಳು ಆಯಿ. ಸಮಾಧಾನ ಮಾಡಲು ಹೋದ ಮುದುಕಿ ಇನ್ನಷ್ಟು ಉರಿ ಹಚ್ಚಿದಳು.

ಅಪ್ಪ ಹೇಳಿದ್ದು ನಿಜವಾದ ಹಕ್ಕಿ ಎಂದು ನನಗೆ ಒಂದು ಕ್ಷಣವೂ ಸಂಶಯ ಬರಲಿಲ್ಲ. ಹೆಂಗಸಿನ ಸಲುವಾಗಿ ಯಾರೂ ಹಾಗೆ ಸಿಳ್ಳೆ ಕಲಿಯುವುದಿಲ್ಲ. ಆದರೂ ಅವ್ವನ ಅನುಮಾನ ನನಗೆ ಹಿಡಿಸಿತು. ಹಕ್ಕಿಯಾದರೆ ಅವ್ವ ನಕ್ಕು ಸುಮ್ಮನಾಗುತ್ತಾಳೆ, ಹೆಂಗಸು ಎಂದುಕೊಂಡರೆ ಬಿಡುವವಳಲ್ಲ. ಹೋಗಿ ಅಪ್ಪನ ರಟ್ಟೆ ಹಿಡಿದು ಮನೆಗೆ ಎಳೆದು ತರುತ್ತಾಳೆ. ನನಗೆ ಬೇಕಾದದ್ದು ಅದೇ. ಅಪ್ಪ ಮತ್ತೆ ಶನಿವಾರದ ಬಸ್ಸಿಗೆ ಬರಬೇಕು, ಹೊಸ್ತಿಲ ಮೇಲೆ ಕೂರಬೇಕು, ನನ್ನ ಮಾತು ಕೇಳಬೇಕು.

ಬೇಸಿಗೆ ರಜೆ ಬಿದ್ದ ಕೂಡಲೇ ಅವ್ವ ಅಂಗಡಿಯನ್ನು ಆಯಿಗೆ ಒಪ್ಪಿಸಿ ನನ್ನನ್ನು ಕರೆದುಕೊಂಡು ಹೊರಟಳು. ಸವದತ್ತಿಯಿಂದ ಬೈಲಹೊಂಗಲ, ಅಲ್ಲಿಂದ ಕಿತ್ತೂರು, ಕಿತ್ತೂರಿನಿಂದ ಖಾನಾಪುರ. ಬುತ್ತಿಯ ಗಂಟಿನ ಜೊತೆ ಒಂದು ಉಡಿಯ ಕಟ್ಟನ್ನೂ ಇಟ್ಟುಕೊಂಡಿದ್ದಳು. ಅದು ಯಾಕೆ ಎಂದು ಬಸ್ಸಿನಲ್ಲಿ ಕೇಳಿದೆ.

“ಅಕಿ ಸಿಕ್ಕರ ನಾನ ಉಡಿ ತುಂಬಿ, ಕೈಮುಗದು, ನನ್ನ ಗಂಡನ್ನ ಕೊಡವಾ ಅಂತೇನಿ. ಕೊಡಲಿಲ್ಲಂದ್ರ ಮುಂದಿಂದು ಮುಂದ.”

ಕಿತ್ತೂರು ದಾಟಿದ ಮೇಲೆ ಕಿಟಕಿಯ ಹೊರಗೆ ಮರಗಳು ಹತ್ತಿರ ಹತ್ತಿರ ಬರತೊಡಗಿದವು. ಕಡೆಯ ಬಸ್ಸು ನಮ್ಮನ್ನು ಇಳಿಸಿದ ಜಾಗದಲ್ಲಿ ಆಕಾಶವೇ ಇರಲಿಲ್ಲ. ಅಪ್ಪ ನಮ್ಮನ್ನು ನೋಡಿ ಗಾಬರಿಯಾದ, ಆಯಿಗೆ ಏನಾದರೂ ಆಯಿತೇ ಎಂದ. ಅವನ ವಸತಿಯೆಂದರೆ ಹೆಂಚಿನ ಒಂದು ಖೋಲಿ, ಮುಂದೆ ಸಣ್ಣ ಪಡಸಾಲೆ. ಪಕ್ಕದ ಖೋಲಿಯಲ್ಲಿ ಇನ್ನೊಬ್ಬ ಗಾರ್ಡ್ ಮತ್ತು ಅವನ ಹೆಂಡತಿ ಶಾಂತಾಬಾಯಿ. ಅವ್ವ ಒಳಗೆ ಹೋಗಿ ಗೂಟ, ಟ್ರಂಕು, ಹಾಸಿಗೆ ಎಲ್ಲವನ್ನೂ ಕಣ್ಣಿನಲ್ಲೇ ಜಾಲಾಡಿದಳು. ಖಣ ಎಲ್ಲಿಯೂ ಕಾಣಲಿಲ್ಲ. ಚಹಾ ತಂದ ಶಾಂತಾಬಾಯಿಯನ್ನು ಮೆಲ್ಲಗೆ ಕೇಳಿದಳು:

“ಇಲ್ಲೆ ಸುತ್ತಮುತ್ತ ಯಾರ್ಯಾರು ಹೆಣ್ಮಕ್ಕಳು ಅದಾರ್ರಿ?”

“ಹೆಣ್ಮಕ್ಕಳು? ನಾನೊಬ್ಬಾಕಿ ಇದೇನಿ ನೋಡ್ರಿ ವೈನಿ,” ಎಂದು ಶಾಂತಾಬಾಯಿ ನಕ್ಕಳು. ಮುಂದಿನ ಹಲ್ಲು ಉದುರಿದ, ಆಯಿಯ ವಯಸ್ಸಿನ ಹೆಂಗಸು. “ನೀವು ಬಂದಿದ್ದು ಚಲೋ ಆತು. ಸ್ವಲ್ಪ ಬುದ್ಧಿ ಹೇಳ್ರಿ ಇವರಿಗೆ. ಸಾಹೇಬ್ರು ತಾವಾಗಿ ಕರದು, ರಾಮದುರ್ಗಕ್ಕ ಬದ್ಲಿ ಮಾಡತೇನಿ ಹೋಗ್ತಿಯೇನೋ ಅಂದ್ರಂತ. ಇವರು ಒಲ್ಲೆ ಅಂದಾರ. ನಮ್ಮನಿಯವರಾಗಿದ್ರ ಓಡತಿದ್ರು.”

ಅವ್ವನ ಕೈಯಲ್ಲಿ ಬಟ್ಟಲು ನಿಂತುಬಿಟ್ಟಿತು. ಕಾಡಿಗೆ ಅವನನ್ನು ಯಾರೋ ಕಳಿಸಿದ್ದಾರೆ, ಅವನು ಒತ್ತಾಯಕ್ಕೆ ಅಲ್ಲಿದ್ದಾನೆ ಎಂದು ನಾವು ನಂಬಿದ್ದೆವು. ಬರಬಹುದಾಗಿದ್ದೂ ಬಂದಿರಲಿಲ್ಲ ಅವನು.

ಬೆಳಗಾಗುತ್ತಲೇ ಪಡಸಾಲೆಗೆ ಬಂದಾಗ, ಹಿಂದಿನ ಸಂಜೆಯ ಮಬ್ಬಿನಲ್ಲಿ ಕಣ್ಣಿಗೆ ಬೀಳದಿದ್ದ ಖಣ ಕಾಣಿಸಿತು. ಕಂಬಕ್ಕೆ ಮೊಳೆ ಹೊಡೆದು ಕನ್ನಡಿ ತೂಗುಹಾಕಿದ್ದ ಅಪ್ಪ. ಅದರ ಮೇಲೆ ಪರದೆಯ ಹಾಗೆ ಆ ಹಸಿರು ಖಣ ಇಳಿಬಿದ್ದಿತ್ತು. ಅವನು ಅದನ್ನು ಸರಿಸಿ ಗಡ್ಡ ಹೆರೆದುಕೊಂಡ, ಮುಖ ಒರೆಸಿ ಮತ್ತೆ ಮುಚ್ಚಿದ. ಅವ್ವ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

“ಇದಕ್ಕೇನು ಖಣಾ ಒಯ್ದಿದ್ದು?”

“ಹಕ್ಕಿಗಿ ಅಂತ ಹೇಳಿದ್ದೆನೆಲ್ಲ. ಕನ್ನಡ್ಯಾಗ ತನ್ನ ನೆರಳು ಕಂಡ್ರ ಸಾಕು, ಇನ್ನೊಂದು ಗಂಡು ಬಂತು ಅಂತ ತಿಳದು ಮೈಮ್ಯಾಲ ಬೀಳತೈತಿ. ಎರಡು ಕನ್ನಡಿ ಅದರ ಕೈಲೇನ ಬಿದ್ದು ಹೋದುವು. ಕೊಕ್ಕಿನಾಗ ರಕ್ತ ಬಂದ್ರೂ ಬಿಡಂಗಿಲ್ಲ. ತೆಳ್ಳನ್ನ ಅರಿಬಿ ಮುಚ್ಚಿದ್ರ ಒಳಗಿಂದ ಹೊಳಿತಿತ್ತು, ಅದಕ್ಕ ದಪ್ಪಂದು ಆರಿಸಿದೆ.”

“ಅಂದ್ರ ಅದು ಗಂಡೇನು?”

“ಹೂಂ. ಹೆಚ್ಚಾಗಿ ಹಾಡೂದು ಗಂಡ.”

ಇಷ್ಟು ದಿನ ಸವತಿ ಎಂದು ಅವ್ವ ಎದೆ ಸುಟ್ಟುಕೊಂಡದ್ದು ಮುಷ್ಟಿಯಷ್ಟಿದ್ದ ಒಂದು ಗಂಡು ಹಕ್ಕಿಗೆ. ಮುಂದೆ ಎಷ್ಟೋ ವರ್ಷ ಆಯಿ ಈ ಮಾತು ತೆಗೆದು ಕಣ್ಣೀರು ಬರುವವರೆಗೆ ನಗುತ್ತಿದ್ದಳು. ಆ ಬೆಳಿಗ್ಗೆ ಅವ್ವ ನಗಲಿಲ್ಲ. ಅಪ್ಪ ನೀರು ತರಲು ಕೊಡ ಹಿಡಿದು ಹಿಂದಕ್ಕೆ ಹೋದ. ಆಗ ಕಾಡಿನ ಅಂಚಿನಿಂದ ಅದು ಹಾಡಿತು. ಸಣ್ಣ ಸಣ್ಣ ಸ್ವರಗಳು ಒಂದಕ್ಕೊಂದು ತಾಗುತ್ತ ಏರಿ, ಕಡೆಯದು ಮೆತ್ತಗೆ ಇಳಿಯಿತು. ಅವ್ವ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ, ಆ ಇಳಿಯುವ ಸ್ವರ ಹೇಗೆಂದು ನನಗೆ ತಿಳಿಯಬೇಕಾಗಿತ್ತು. ಹಾಡು ನಿಂತ ಮೇಲೆ ಅವ್ವ ಕಂಬದ ಹತ್ತಿರ ಹೋಗಿ ಖಣವನ್ನು ಸರಕ್ಕನೆ ಎಳೆದು ಹಾಕಿದಳು.

ಅದು ಎಲ್ಲಿಂದ ಬಂತೋ ತಿಳಿಯಲಿಲ್ಲ. ನೀಲಿಯ ಚೂರೊಂದು ಕನ್ನಡಿಗೆ ಬಂದು ಬಡಿಯಿತು. ಹಿಂದಕ್ಕೆ ಹೋಯಿತು, ಮತ್ತೆ ಬಡಿಯಿತು. ಮೈಯೆಲ್ಲ ಉಬ್ಬಿಸಿಕೊಂಡು, ರೆಕ್ಕೆ ಬಿಚ್ಚಿ, ಗಾಜಿನೊಳಗಿನ ಹಕ್ಕಿಯನ್ನು ಕುಕ್ಕತೊಡಗಿತು. ಇಷ್ಟು ಹತ್ತಿರದಲ್ಲಿ ಅವ್ವನಂಥ ಹೆಂಗಸು ನಿಂತಿದ್ದಾಳೆ ಎಂಬ ಪರಿವೆಯೂ ಅದಕ್ಕಿರಲಿಲ್ಲ. ಅವ್ವ ಖಣ ಹಿಡಿದು ನೋಡುತ್ತಲೇ ನಿಂತಳು. ಅವಳ ತುಟಿ ಬಿಗಿದಿತ್ತು, ಮೂಗಿನ ಹೊಳ್ಳೆ ಅರಳಿತ್ತು. ಇನ್ನೂ ಕುಕ್ಕಲಿ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

“ಮುಚ್ಚ ಅದನ್ನ!”

ಅಪ್ಪ ಕೊಡ ಅಲ್ಲೇ ಎಸೆದು ಓಡಿ ಬಂದ. ಅವ್ವನನ್ನು ತಳ್ಳಿ, ಕೈಯಿಂದ ಖಣ ಕಿತ್ತುಕೊಂಡು ಕನ್ನಡಿಗೆ ಹೊದಿಸಿದ. ಹಕ್ಕಿ ಹಾರಿಹೋಯಿತು. ಮದುವೆಯಾದಂದಿನಿಂದ ಅಪ್ಪ ಅವ್ವನಿಗೆ ಒಂದು ಸಲವೂ ದನಿ ಏರಿಸಿದವನಲ್ಲ ಎಂದು ಆಯಿಯೇ ಹೇಳುತ್ತಿದ್ದಳು. ಅವ್ವ ಕಂಬಕ್ಕೆ ಆತು ನಿಂತಳು. ಅವಳು ಕೂಗಲಿಲ್ಲ.

“ಹೆಂಗಸಾಗಿದ್ರ ಚಲೋ ಇತ್ರಿ. ಜುಟ್ಟಾ ಹಿಡದು ಜಗಳಾ ಆಡತಿದ್ದೆ, ಇಲ್ಲಾ ಕಾಲಿಗರ ಬೀಳತಿದ್ದೆ. ಇದರ ಜೋಡಿ ಏನಂತ ಜಗಳಾ ಆಡ್ಲಿ? ರಾಮದುರ್ಗಕ್ಕ ಬರತೀರೋ ಇಲ್ಲೋ, ಅದೊಂದು ಹೇಳ್ರಿ.”

ಅಪ್ಪ ಬಾಯಿ ತೆರೆದ. ಏನು ಹೇಳುವವನಿದ್ದನೋ ದೇವರಿಗೇ ಗೊತ್ತು. ಅಷ್ಟರಲ್ಲಿ ಮರಗಳ ಹಿಂದಿನಿಂದ ಅದು ಮತ್ತೆ ಹಾಡಿತು. ಅಪ್ಪನ ಕತ್ತು ತಾನಾಗಿ ಅತ್ತ ತಿರುಗಿತು. ಹುಬ್ಬು ಮೇಲೇರಿತು, ತೆರೆದ ಬಾಯಿ ಹಾಗೇ ಉಳಿಯಿತು. ಹೆಂಡತಿ ಎದುರಿಗೆ ನಿಂತು ಬದುಕಿನ ಮಾತು ಕೇಳುತ್ತಿದ್ದಾಳೆ, ಮಗಳು ಬಾಗಿಲಲ್ಲಿ ನಿಂತಿದ್ದಾಳೆ, ಇವನು ಹಕ್ಕಿಯನ್ನು ಕೇಳುತ್ತಿದ್ದಾನೆ. ಬೇಕೆಂದು ಮಾಡಿದ್ದಲ್ಲ, ಅದು ನನಗೆ ಆಗಲೂ ಗೊತ್ತಾಯಿತು. ಬೇಕೆಂದು ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅವ್ವ ಗಂಟು ಎತ್ತಿಕೊಂಡಳು. ತಂದಿದ್ದ ಉಡಿಯನ್ನು ಶಾಂತಾಬಾಯಿಗೆ ತುಂಬಿ, ಅವಳ ಕಾಲಿಗೆ ನಮಸ್ಕಾರ ಮಾಡಿ, ನನ್ನ ಕೈ ಹಿಡಿದು ಬಸ್ಸಿನ ದಾರಿ ಹಿಡಿದಳು. ಊರು ಮುಟ್ಟುವವರೆಗೆ ಇಬ್ಬರೂ ಸೇರಿ ಒಂದೇ ಹಕ್ಕಿಯನ್ನು ಶಪಿಸುತ್ತ ಬಂದೆವು.

ಮಳೆಗಾಲ ಮುಗಿದ ಮೇಲೆ ಅಪ್ಪ ಬಂದ. ರಾಮದುರ್ಗಕ್ಕೆ ಬದಲಿ ಮಾಡಿಸಿಕೊಂಡೇ ಬಂದಿದ್ದ. ಮತ್ತೆ ಶನಿವಾರದ ಬಸ್ಸು, ಮತ್ತೆ ಕಟಕೋಳದ ಭಜಿ. ನಾವು ಗೆದ್ದಿದ್ದೆವು. ಗೆದ್ದವಳ ಗತ್ತಿನಲ್ಲಿ ಅವ್ವ ಹೊಸ ಸೀರೆ ಉಟ್ಟು ಹೋಳಿಗೆ ಮಾಡಿದಳು. ಅಪ್ಪ ಹೊಸ್ತಿಲ ಮೇಲೆ ಕೂತು ಚಹಾ ಕುಡಿದ, ಪಲ್ಲೆಗೆ ಉಪ್ಪು ಸರಿಯಾಗಿದೆ ಎಂದ, ನನ್ನ ವಾರದ ಕಥೆಗೆ ಹೂಂ ಹೂಂ ಎಂದು ತಲೆಯಾಡಿಸಿದ. ಬಟ್ಟಲು ಎಲ್ಲಿಯೂ ನಿಲ್ಲದೆ ಬಾಯಿಗೆ ಹೋಗಿ ಬರುತ್ತಿತ್ತು. ಸಿಳ್ಳೆಯ ಸುದ್ದಿಯೇ ಇಲ್ಲ. ತನ್ನ ಕನ್ನಡಿಯನ್ನು ತಂದು ಹಿತ್ತಲ ಗೋಡೆಗೆ ತೂಗುಹಾಕಿದ್ದ, ಪರದೆ ಗಿರದೆ ಏನಿಲ್ಲ. ಒಂದು ದಿನ ಗುಬ್ಬಿಯೊಂದು ಬಂದು ಅದನ್ನು ಕುಕ್ಕಿತು. ಅಪ್ಪ ತಲೆ ಎತ್ತಿ ನೋಡಿದ, ಮತ್ತೆ ತಗ್ಗಿಸಿದ. ಬಣ್ಣ ಹೋದ ಆ ಖಣವನ್ನು ಅವ್ವ ಹೊಲಿಸಲೂ ಇಲ್ಲ, ಎಸೆಯಲೂ ಇಲ್ಲ. ಬಳೆಯ ಪೆಟ್ಟಿಗೆಯ ಕೆಳಗೆ ಹಾಕಿಟ್ಟಳು. ಅಪ್ಪ ಮನೆಯಲ್ಲಿದ್ದ, ಆದರೆ ನನಗೆ ಬೇಕಾದ ಮುಖ ಬಂದಿರಲಿಲ್ಲ. ಅದನ್ನು ಆ ಹಕ್ಕಿಯೇ ಇಟ್ಟುಕೊಂಡಿತ್ತು. ಇಷ್ಟು ದೂರದಿಂದಲೂ ಅದು ನಮ್ಮನ್ನು ಸೋಲಿಸುತ್ತಿದೆ ಎಂದು ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತಿತ್ತು.

ಅಂಥ ಒಂದು ಭಾನುವಾರ ಬೆಳಿಗ್ಗೆ ನಾನು ಬೇವಿನ ಮರದ ಹಿಂದೆ ಕೂತೆ. ಅಷ್ಟು ದಿನ ಕಲಿತದ್ದು ಸುಳ್ಳಾಗಿರಲಿಲ್ಲ. ಏರುವ ಸ್ವರಗಳೂ ಬಂದಿದ್ದವು, ಘಟ್ಟದಲ್ಲಿ ಕೇಳಿ ಬಂದ ಮೇಲೆ ಆ ಇಳಿಯುವ ಸ್ವರವೂ ಬಂದಿತ್ತು. ತುಟಿ ಒದ್ದೆ ಮಾಡಿಕೊಂಡು ಸಿಳ್ಳೆ ಹಾಕಿದೆ. ಒಳಗೆ ಏನೋ ಉರುಳಿದ ಸದ್ದಾಯಿತು. ಅಪ್ಪ ಬರಿಗಾಲಲ್ಲಿ ಓಡಿ ಬಂದು ಹಿತ್ತಲ ನಡುವೆ ನಿಂತು ಮರದ ಕಡೆ ಮುಖ ಎತ್ತಿದ. ಅದೇ ಮುಖ. ಹುಬ್ಬು, ತೆರೆದ ಬಾಯಿ, ಎಲ್ಲ. ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ನನ್ನ ಸಿಳ್ಳೆಗೇ ಅರಳಿದ ಮುಖ. ನಾನು ಎದ್ದು ನಿಂತೆ.

“ನೀನಾ?” ಎಂದ ಅಪ್ಪ.

ಅವನು ಮುಂದೆ ಏನಾದರೂ ಹೇಳುವಷ್ಟರಲ್ಲಿ ಅವ್ವ ಅಡುಗೆಮನೆಯಿಂದ ಧಾವಿಸಿ ಬಂದಳು. ಕೈಯಲ್ಲಿ ರೊಟ್ಟಿಯ ಹಿಟ್ಟು, ಕಣ್ಣು ಬೇವಿನ ಟೊಂಗೆಗಳಲ್ಲಿ.

“ಇಲ್ಲಿಗೂ ಬಂತೇನ್ರಿ ಅದು?”

ಅಪ್ಪ ಅವಳನ್ನು ನೋಡಿದ, ನನ್ನನ್ನು ನೋಡಿದ. ತುಟಿಯ ಮೇಲೆ ಬೆರಳಿಟ್ಟ.

“ಹೂಂ, ಬಂದೈತಿ. ಸುಮ್ನ ನಿಂದ್ರು, ಹಾರಿ ಹೋದೀತು. ಇನ್ನೊಮ್ಮೆ ಹೊಡಿ ತಂಗಿ.”

ಅವ್ವನಿಗೆ ಆಗ ಅರ್ಥವಾಯಿತು. ಬೈಯುತ್ತಾಳೆ ಎಂದುಕೊಂಡೆ. ಅವಳು ಹಿಟ್ಟಿನ ಕೈಗಳನ್ನು ಸೊಂಟಕ್ಕೆ ಇಟ್ಟು ನಿಂತಳು.

“ಹೊಡಿ. ಏನಂಥಾದ್ದು ಹಾಡತಿತ್ತು ನಾನೂ ಕೇಳೇ ಬಿಡತೇನಿ.”

ನಾನು ಹಾಕಿದೆ. ಏರಿಸಿ, ತಾಗಿಸಿ, ಕಡೆಯ ಸ್ವರವನ್ನು ಮೆತ್ತಗೆ ಇಳಿಸಿದೆ. ಅದಕ್ಕಿಂತ ಚೆನ್ನಾಗಿ ನಾನು ಬದುಕಿನಲ್ಲಿ ಇನ್ನೊಂದು ಸಲ ಸಿಳ್ಳೆ ಹಾಕಿಲ್ಲ.

“ಇಷ್ಟಕ್ಕನಾ?” ಎಂದಳು ಅವ್ವ.

“ಇಷ್ಟಕ್ಕ,” ಎಂದ ಅಪ್ಪ.

ಆಮೇಲೆ ಅವ್ವ ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ ಹೇಳಿದಳು:

“ಇನ್ನೊಮ್ಮೆ ಹೊಡಿಬೇ.”

ನಾನು ಮತ್ತೆ ಹಾಕಿದೆ. ಹಾಕುತ್ತ ಅವರಿಬ್ಬರನ್ನೂ ನೋಡಿದೆ. ಅವ್ವನ ಹುಬ್ಬೂ ಮೇಲೇರಿತ್ತು, ಅವಳ ಬಾಯಿಯೂ ಚೂರು ತೆರೆದಿತ್ತು. ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ನಿಂತು, ಏನೂ ಇಲ್ಲದ ಬೇವಿನ ಟೊಂಗೆಯ ಕಡೆ ಮುಖ ಎತ್ತಿ ಕೇಳುತ್ತಿದ್ದರು. ಸಿಳ್ಳೆ ಹಾಕುತ್ತಿದ್ದವಳು ನಾನು, ಉಸಿರು ನನ್ನದು. ನನ್ನ ಕಡೆ ಇಬ್ಬರೂ ನೋಡಲಿಲ್ಲ.